ಸೊನ್ನೆ ಮಳೆ ಮತ್ತು ಇರುವೆ ಗೂಡು

ಕೆಟ್ಟ ಮಳೆಮಾಪಕ ತಾನು ಕೆಟ್ಟಿದ್ದೇನೆಂದು ಹೇಳುವುದಿಲ್ಲ. ಸೊನ್ನೆ ಎನ್ನುತ್ತದೆ, ಅಷ್ಟೆ. ಆಶ್ಲೇಷ ಮಳೆ ಹಗಲೂ ರಾತ್ರಿ ಹೊಯ್ಯುತ್ತಿರಲಿ, ಹಳ್ಳ ಉಕ್ಕಿ ಕಾಲುಸಂಕ ಮುಳುಗಿರಲಿ, ಆಲಿಕೆಯ ತೂತಿಗೆ ಮಣ್ಣು ಮೆತ್ತಿ ಮುಚ್ಚಿಹೋಗಿದ್ದರೆ ಆ ಊರಿನಿಂದ ಬೆಂಗಳೂರಿಗೆ ಹದಿನೈದು ನಿಮಿಷಕ್ಕೊಮ್ಮೆ ತಪ್ಪದೆ ಹೋಗುವ ಸುದ್ದಿ ಒಂದೇ: 0.0 ಮಿಲಿಮೀಟರ್. ಬ್ಯಾಟರಿ ಸರಿಯಿದೆ, ಸಿಮ್ ಸರಿಯಿದೆ, ಸಿಗ್ನಲ್ಲೂ ಇದೆ. ಅಲ್ಲಿ ಕುಳಿತು ನೋಡುವವರ ಪರದೆಯ ಮೇಲೆ ಆ ಊರಿನ ಹೆಸರಿನ ಮುಂದೆ ಹಸಿರು ಚುಕ್ಕೆ ಉರಿಯುತ್ತಿರುತ್ತದೆ. ಮಾಪಕದಿಂದ ಏನೂ ಬಾರದೆ ಖಾಲಿ ಬಿದ್ದಿದ್ದರೆ ಯಾರಿಗಾದರೂ ಅನುಮಾನ ಬರುತ್ತಿತ್ತು. ಸೊನ್ನೆ ಬಂದರೆ ಯಾರಿಗೂ ಬರುವುದಿಲ್ಲ; ಮಳೆ ಇಲ್ಲದ ದಿನಗಳೂ ಸೊನ್ನೆಯನ್ನೇ ಕೊಡುತ್ತವಲ್ಲ!

ಸ್ವಯಂಚಾಲಿತ ಹವಾಮಾನ ಕೇಂದ್ರ ಎಂಬ ಹೆಸರು ಕೇಳಿದರೆ ಮನುಷ್ಯರ ಹಂಗಿಲ್ಲದೆ ನಡೆಯುವ ಯಂತ್ರವೊಂದು ಕಣ್ಣ ಮುಂದೆ ಬರುತ್ತದೆ. ಅಳೆಯುವುದು, ಬರೆದಿಟ್ಟುಕೊಳ್ಳುವುದು, ಕಳಿಸುವುದು ಈ ಮೂರನ್ನು ಅದು ತಾನೇ ಮಾಡುತ್ತದೆ, ನಿಜ. ತನ್ನ ಆಲಿಕೆಯನ್ನು ತಾನೇ ತೊಳೆದುಕೊಳ್ಳುವ ಕೇಂದ್ರ ಮಾತ್ರ ನಮ್ಮ ಹಳ್ಳಿಗಳಿಗೆ ಇನ್ನೂ ಬಂದಿಲ್ಲ.

ಕರ್ನಾಟಕದ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. 1988ರಲ್ಲಿ ಬರಗಾಲದ ಮೇಲೆ ಕಣ್ಣಿಡುವ ಪುಟ್ಟ ಘಟಕವಾಗಿ ಶುರುವಾಗಿ, ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿರುವ ಸಂಸ್ಥೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಆರು ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನೂ, ಹೋಬಳಿ ಮಟ್ಟದಲ್ಲಿ ಗಾಳಿ, ಉಷ್ಣಾಂಶ, ತೇವಾಂಶ ಅಳೆಯುವ ಕೇಂದ್ರಗಳನ್ನೂ ನೆಟ್ಟಿದೆ. ದೇಶದಲ್ಲಿ ಇಷ್ಟು ಒತ್ತಾಗಿ ಮಾಪಕಗಳಿರುವ ರಾಜ್ಯಗಳು ಕಡಿಮೆ. ಬರ ಘೋಷಣೆ, ನೆರೆ ಎಚ್ಚರಿಕೆ, ವರುಣ ಮಿತ್ರ ಸಹಾಯವಾಣಿಗೆ ಕರೆ ಮಾಡುವ ರೈತರಿಗೆ ಸಿಗುವ ಉತ್ತರ, ಎಲ್ಲದರ ಬೇರು ಈ ಕಂಬಗಳಲ್ಲೇ ಇದೆ.

ಮಲೆನಾಡಿನ ಅಡಿಕೆ ಬೆಳೆಗಾರರಿಗಂತೂ ಇದು ನೇರವಾಗಿ ದುಡ್ಡಿನ ವಿಷಯ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ತೋಟಕ್ಕೆ ಬಂದು ಕೊಳೆರೋಗ ಎಷ್ಟು ಬಂದಿದೆ ಎಂದು ಯಾರೂ ಎಣಿಸುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಹೆಕ್ಟೇರಿಗೆ 1,28,000 ರೂಪಾಯಿಯ ವಿಮೆಗೆ ರೈತರು ನೂರಕ್ಕೆ ಐದರಂತೆ 6,400 ರೂಪಾಯಿ ಕಟ್ಟುತ್ತಾರೆ. ಆ ಪಂಚಾಯಿತಿಗೆ ಗೊತ್ತುಮಾಡಿದ ಮಾಪಕದಲ್ಲಿ ಇಂತಿಷ್ಟು ಮಳೆ, ಇಂತಿಷ್ಟು ದಿನ ಎಡೆಬಿಡದೆ ದಾಖಲಾದರೆ ಪರಿಹಾರ, ದಾಖಲಾಗದಿದ್ದರೆ ಇಲ್ಲ. ಕೊನೆಗೌಡ ಮರದಿಂದ ಇಳಿಸಿದ ಗೊನೆಯ ಅರ್ಧ ಕಾಯಿ ಕೊಳೆತು ಉದುರಿರಬಹುದು. ವಿಮೆಯ ಕಣ್ಣಿಗೆ ಕಾಣುವುದು ಆಲಿಕೆಯ ತೂತಿನಿಂದ ಕೆಳಗಿಳಿದ ನೀರು ಮಾತ್ರ. ಈ ಏರ್ಪಾಡು ತಪ್ಪೆಂದು ನಾನು ಹೇಳುತ್ತಿಲ್ಲ. ಮನೆಮನೆಗೆ ಬಂದು ನಷ್ಟ ಅಂದಾಜು ಮಾಡುವ ಪದ್ಧತಿಯ ಕಷ್ಟ, ಶಿಫಾರಸು, ವಿಳಂಬ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ನ್ಯಾಯಾಧೀಶನ ಕುರ್ಚಿಯಲ್ಲಿ ಒಂದು ಡಬ್ಬಿಯನ್ನು ಕೂರಿಸಿದ ಮೇಲೆ ಆ ಡಬ್ಬಿಯೊಳಗೆ ಇರುವೆ ಗೂಡು ಕಟ್ಟಿದೆಯೋ ಇಲ್ಲವೋ ಎಂದು ನೋಡುವುದು ಯಾರದೋ ಹೊಣೆಯಾಗಿರಲೇಬೇಕು.

ಡಬ್ಬಿಯೊಳಗೆ ಇರುವುದೇನು? ಮೇಲೊಂದು ಆಲಿಕೆ. ಅದರ ಕೆಳಗೆ ಮಕ್ಕಳ ಆಟದ ಸೀ-ಸಾ ಹಲಗೆಯಂತೆ ಆ ಕಡೆ ಈ ಕಡೆ ವಾಲುವ ಎರಡು ಪುಟ್ಟ ತೊಟ್ಟಿಗಳು. ಒಂದು ತುಂಬಿದೊಡನೆ ವಾಲಿ ನೀರು ಚೆಲ್ಲುತ್ತದೆ, ಇನ್ನೊಂದು ಆಲಿಕೆಯ ಕೆಳಗೆ ಬಂದು ನಿಲ್ಲುತ್ತದೆ. ವಾಲುವಾಗ ಅದಕ್ಕಂಟಿದ ಅಯಸ್ಕಾಂತದ ಚೂರು ಪಕ್ಕದ ಸ್ವಿಚ್ಚನ್ನು ಕ್ಷಣಕಾಲ ಕೂಡಿಸುತ್ತದೆ. ಅದೇ ಒಂದು ಎಣಿಕೆ. ಆಲಿಕೆಯ ಬಾಯಿ 20 ಸೆಂಟಿಮೀಟರ್ ಅಗಲವಿದ್ದರೆ ಒಂದು ಮಿಲಿಮೀಟರ್ ಮಳೆಗೆ 31.4 ಮಿಲಿಲೀಟರ್ ನೀರು ಕೂಡುತ್ತದೆ. ಒಂದು ವಾಲಿಕೆಗೆ 0.2 ಮಿಲಿಮೀಟರ್ ಎಂದು ಹೊಂದಿಸಿದ ಮಾಪಕದಲ್ಲಿ ತೊಟ್ಟಿ ಮಗುಚಲು ಬೇಕಾದದ್ದು ಆರು ಮಿಲಿಲೀಟರಿಗಿಂತ ತುಸು ಹೆಚ್ಚು, ಅಂದರೆ ಒಂದು ಚಹಾ ಚಮಚಕ್ಕಿಂತ ಸ್ವಲ್ಪ ಜಾಸ್ತಿ. ಇಷ್ಟು ಸೂಕ್ಷ್ಮದ ಸಾಮಾನನ್ನು ಬಯಲಿನಲ್ಲಿ, ಬಿಸಿಲು ಮಳೆ ಧೂಳಿನಲ್ಲಿ, ವರ್ಷಗಟ್ಟಲೆ ಬಿಟ್ಟುಬಿಡುತ್ತೇವೆ.

ಬಿಟ್ಟ ಮೇಲೆ ಏನೇನು ಆಗುತ್ತದೆ ನೋಡಿ. ಆಲಿಕೆಯ ಅಂಚು ಹಕ್ಕಿಗಳಿಗೆ ಕೂರಲು ಹೇಳಿ ಮಾಡಿಸಿದ ಜಾಗ. ಕಾಗೆ, ಮೈನಾ, ಕಾಜಾಣ ಯಾವುದೂ ಬಿಡುವುದಿಲ್ಲ. ಅವುಗಳ ಹಿಕ್ಕೆ, ಅದರೊಳಗಿನ ಹಣ್ಣಿನ ಬೀಜ ಆಲಿಕೆಯ ಕತ್ತಿನಲ್ಲಿ ಸೇರಿಕೊಳ್ಳುತ್ತವೆ. ಬೇಸಿಗೆಯಲ್ಲಿ ಕುಂಬಾರ ಹುಳ ಬಂದು ಅದೇ ಕತ್ತಿನಲ್ಲಿ ಮಣ್ಣಿನ ಮನೆ ಕಟ್ಟುತ್ತದೆ. ಒಳಗೆ ಕತ್ತಲೆ, ಬೆಚ್ಚಗೆ. ಹಲ್ಲಿಗೂ ಜೇಡನಿಗೂ ಅದಕ್ಕಿಂತ ಒಳ್ಳೆಯ ವಸತಿ ಸಿಗದು. ಜೇಡನ ನೂಲು ತೊಟ್ಟಿಯನ್ನು ಕಟ್ಟಿಹಾಕುವಷ್ಟು ಬಲವಾಗಿರುತ್ತದೆ. ಇರುವೆಗಳು ತೊಟ್ಟಿಯ ಅಡಿಯಲ್ಲಿ ಮಣ್ಣು ಪೇರಿಸಿದರೆ ಅದು ಪೂರ್ತಿ ವಾಲದೆ ಅರ್ಧಕ್ಕೆ ನಿಲ್ಲುತ್ತದೆ. ತೊಟ್ಟಿಯೊಳಗೆ ಕೆಸರು ಗಟ್ಟಿಕಟ್ಟಿದರೆ ಸ್ವಲ್ಪ ನೀರಿಗೇ ವಾಲಿ, ಬಂದ ಮಳೆಗಿಂತ ಹೆಚ್ಚು ಲೆಕ್ಕ ಕೊಡುತ್ತದೆ. ಹೀಗೆ ಒಂದೇ ಮಾಪಕ ಕಸದಿಂದ ಕಡಿಮೆಯನ್ನೂ ತೋರಿಸಬಹುದು, ಹೆಚ್ಚನ್ನೂ ತೋರಿಸಬಹುದು.

ಪೂರ್ತಿ ಮುಚ್ಚಿದ ಆಲಿಕೆಗಿಂತ ಅರ್ಧ ಮುಚ್ಚಿದ್ದು ಹೆಚ್ಚು ಅಪಾಯಕಾರಿ ಎನ್ನುವುದು ನನ್ನ ಎಣಿಕೆ. ಪೂರ್ತಿ ಮುಚ್ಚಿದರೆ ಸೊನ್ನೆ ಬರುತ್ತದೆ. ಅಕ್ಕಪಕ್ಕದ ಪಂಚಾಯಿತಿಯ ಅಂಕಿಗಳ ಜೊತೆ ಇಟ್ಟು ನೋಡಿದರೆ ಇಂದಲ್ಲ ನಾಳೆ ಸಿಕ್ಕಿಬೀಳುತ್ತದೆ. ಅರ್ಧ ಮುಚ್ಚಿದ ಆಲಿಕೆಯಲ್ಲಿ ಸೋಮವಾರ ಸುರಿದ ಮಳೆ ನಿಂತುಕೊಂಡು ಮಂಗಳವಾರ, ಬುಧವಾರ ಬಿಸಿಲಿನಲ್ಲೂ ತೊಟ್ಟಿಕ್ಕುತ್ತದೆ. ವಾರದ ಮೊತ್ತ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತದೆ, ದಿನಗಳ ಲೆಕ್ಕ ಮಾತ್ರ ಕಲಸಿಹೋಗಿರುತ್ತದೆ. ನಮ್ಮಲ್ಲಿ ಮಳೆಯ ದಿನ ಮುಗಿಯುವುದು ಬೆಳಗ್ಗೆ ಎಂಟೂವರೆಗೆ. ಆ ಇಪ್ಪತ್ತನಾಲ್ಕು ಗಂಟೆಯಲ್ಲಿ 2.5 ಮಿಲಿಮೀಟರ್ ಅಥವಾ ಹೆಚ್ಚು ಬಿದ್ದರೆ ಹವಾಮಾನ ಇಲಾಖೆ ಅದನ್ನು ಮಳೆಯ ದಿನವೆಂದು ಎಣಿಸುತ್ತದೆ. ವಿಮೆಯ ಷರತ್ತು ಎಡೆಬಿಡದ ಮಳೆ ದಿನಗಳ ಮೇಲೆ ನಿಂತಿರುವಾಗ, ಒಂದೇ ದಿನದ ಜಡಿಮಳೆಯನ್ನು ಮೂರು ದಿನದ ಜಿನುಗು ಮಳೆಯಾಗಿ ಹಂಚಿಬಿಡುವ ಆಲಿಕೆ ಯಾರ ಪರ ತೀರ್ಪು ಕೊಡುತ್ತದೋ ಹೇಳಬರುವುದಿಲ್ಲ.

ಮಾಪಕ ಮಟ್ಟವಾಗಿ ನಿಂತಿದೆಯೇ ಎಂಬುದು ಇನ್ನೊಂದು. ಮುಂಗಾರಿನಲ್ಲಿ ಮಣ್ಣು ಮೆತ್ತಗಾಗಿ ಕಂಬ ತುಸು ವಾಲುತ್ತದೆ, ಅಥವಾ ಬೇಲಿಯೊಳಗೆ ನುಗ್ಗಿದ ದನ ಮೈ ತಿಕ್ಕಿಕೊಳ್ಳುತ್ತದೆ. ಎರಡು ತೊಟ್ಟಿಗಳಲ್ಲಿ ಒಂದು ಬೇಗ, ಇನ್ನೊಂದು ತಡವಾಗಿ ವಾಲತೊಡಗುತ್ತದೆ. ಗಾರೆಯವರ ರಸಮಟ್ಟ ಇಟ್ಟು ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುವ ದೋಷವಿದು. ಎಷ್ಟೋ ಮಾಪಕಗಳ ಅಡಿಯಲ್ಲೇ ಗುಳ್ಳೆಯ ಮಟ್ಟವೊಂದನ್ನು ಕೂರಿಸಿರುತ್ತಾರೆ. ಅದನ್ನು ನೋಡಲು ಮುಚ್ಚಳ ತೆಗೆಯಬೇಕು.

ಇನ್ನು ಪರೀಕ್ಷೆ. ಇದಕ್ಕೆ ಪ್ರಯೋಗಾಲಯ ಬೇಡ. 314 ಮಿಲಿಲೀಟರ್ ನೀರನ್ನು ಅಳೆದುಕೊಂಡು, ತಳಕ್ಕೆ ಸಣ್ಣ ತೂತಿರುವ ಬಾಟಲಿಯಿಂದ ಅರ್ಧ ಗಂಟೆಯಷ್ಟು ಹೊತ್ತು ನಿಧಾನವಾಗಿ ಆಲಿಕೆಗೆ ಹನಿಸಬೇಕು. ಇದು 10 ಮಿಲಿಮೀಟರ್ ಮಳೆಗೆ ಸಮ. 0.2ರ ಮಾಪಕ ಐವತ್ತು ಸಲ ವಾಲಬೇಕು, 0.5ರದ್ದು ಇಪ್ಪತ್ತು ಸಲ. ಒಂದೆರಡು ಹೆಚ್ಚು ಕಡಿಮೆಯಾದರೆ ಚಿಂತೆಯಿಲ್ಲ. ಮೂವತ್ತೈದಕ್ಕೆ ನಿಂತರೆ ತೊಟ್ಟಿಯ ಅಡಿಯ ತಿರುಪು ಹೊಂದಿಸುವ ಕೆಲಸವಿದೆ. ಅವಸರಪಟ್ಟು ಒಮ್ಮೆಗೇ ಸುರಿದರೆ ಲೆಕ್ಕ ಕಡಿಮೆ ಬರುತ್ತದೆ, ಏಕೆಂದರೆ ತೊಟ್ಟಿ ವಾಲುತ್ತಿರುವ ಅರೆಕ್ಷಣದಲ್ಲಿ ಬಿದ್ದ ನೀರು ಎಣಿಕೆಗೆ ಸಿಗದೆ ಹೋಗುತ್ತದೆ. ನಿಜವಾದ ಮಳೆಯಲ್ಲೂ ಇದೇ ಆಗುತ್ತದೆ. ಗಂಟೆಗೆ 100 ಮಿಲಿಮೀಟರ್ ರಭಸದ ಮಳೆಯಲ್ಲಿ 0.2ರ ತೊಟ್ಟಿ ಏಳು ಸೆಕೆಂಡಿಗೊಮ್ಮೆ ವಾಲುತ್ತಿರುತ್ತದೆ. ಪ್ರತಿ ಸಲವೂ ಚೂರುಪಾರು ನಷ್ಟ. ಆಗುಂಬೆ, ಹುಲಿಕಲ್ಲಿನಂಥ ಕಡೆ ಇಂಥ ಮಾಪಕಗಳು ಭಾರಿ ಮಳೆಯನ್ನು ಕೊಂಚ ಕಡಿಮೆ ತೋರಿಸುವ ಕಡೆಗೇ ವಾಲಿರುತ್ತವೆ ಎಂಬುದನ್ನು ಲೆಕ್ಕ ಹಾಕುವವರು ಮರೆಯಬಾರದು.

ಈ ಪರೀಕ್ಷೆಯಲ್ಲೊಂದು ತಮಾಷೆಯ ಅಪಾಯವೂ ಇದೆ. ಎಣಿಕೆಯ ತಂತಿಯನ್ನು ಬಿಚ್ಚದೆ ನೀರು ಹನಿಸಿದರೆ ಏಪ್ರಿಲ್ ತಿಂಗಳ ಸುಡುಬಿಸಿಲಲ್ಲಿ ಆ ಊರಿನಲ್ಲಿ 10 ಮಿಲಿಮೀಟರ್ ಮಳೆಯಾಯಿತೆಂದು ದಾಖಲಾಗುತ್ತದೆ. ಬಟ್ಟೆಯಿಂದ ತೊಟ್ಟಿ ಒರೆಸುವಾಗ ನಾಲ್ಕಾರು ಸಲ ವಾಲಿದರೂ ಅದು ಮಳೆಯೇ. ಆದ್ದರಿಂದ ಕೈಹಚ್ಚುವ ಮೊದಲು ತಂತಿ ಬಿಚ್ಚಬೇಕು, ಇಲ್ಲವೇ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಸ್ವಚ್ಛತೆ ನಡೆಯಿತೆಂದು ಬರೆದು, ಆ ಅವಧಿಯ ಅಂಕಿಗಳನ್ನು ತೆಗೆದುಹಾಕುವಂತೆ ತಿಳಿಸಬೇಕು. ಮುಗಿದ ಮೇಲೆ ತಂತಿಯನ್ನು ಮತ್ತೆ ಜೋಡಿಸಲು ಮರೆತರೆ, ಮತ್ತೆ ಅದೇ ಸೊನ್ನೆ.

ಉಷ್ಣಾಂಶದ ಕಥೆ ಬೇರೆ. ಅಲ್ಲಿ ಸೊನ್ನೆ ಬರುವುದಿಲ್ಲ, ನಂಬುವಂತೆಯೇ ಕಾಣುವ ತಪ್ಪು ಬರುತ್ತದೆ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ಸೆಲ್ಸಿಯಸ್ ತೋರಿಸಿದ್ದು ನೆನಪಿರಬಹುದು. ಭಾರತದ ದಾಖಲೆ 2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ ದಾಖಲಾದ 51 ಡಿಗ್ರಿ. ದೇಶದ ರಾಜಧಾನಿಯೇ ಅದನ್ನು ಮೀರಿಸಿತೆಂದು ಸುದ್ದಿ ಜಗತ್ತೆಲ್ಲ ಹರಡಿತು. ಅದೇ ದಿನ ದೆಹಲಿಯ ಸುತ್ತಮುತ್ತಲ ಉಳಿದ ಕೇಂದ್ರಗಳಲ್ಲಿ ಇದ್ದದ್ದು 45.2ರಿಂದ 49.1. ಹವಾಮಾನ ಇಲಾಖೆ ಪರಿಣತರನ್ನು ಕಳಿಸಿ, ಸರಿಯಾದ ಉಪಕರಣವನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿತು. ಮುಂಗೇಶ್‌ಪುರದ ಸೆನ್ಸರ್ ಸುಮಾರು ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಅಳತೆ ತಪ್ಪಿದ್ದು ಒಪ್ಪಿಕೊಂಡಿದ್ದೇನೋ ಒಳ್ಳೆಯದಾಯಿತು. ಆದರೆ 52.9ರ ಜಾಗದಲ್ಲಿ ಅದು 47 ಎಂದಿದ್ದರೆ? ಮೂರು ಡಿಗ್ರಿಯ ಅದೇ ತಪ್ಪು, ಯಾರ ಕಣ್ಣಿಗೂ ಬೀಳದೆ, ಹಾಗೆಯೇ ಮುಂದುವರಿಯುತ್ತಿತ್ತು. ದಾಖಲೆ ಮುರಿಯಲು ಹೋಗಿದ್ದರಿಂದ ಆ ಸೆನ್ಸರ್ ಸಿಕ್ಕಿಬಿತ್ತು.

ಉಷ್ಣಾಂಶದ ಸೆನ್ಸರಿಗೆ ನೇರ ಬಿಸಿಲು ತಾಗದಂತೆ, ಗಾಳಿ ಮಾತ್ರ ಆಡುವಂತೆ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಬಿಳಿಯ ಗೂಡು ಇರುತ್ತದೆ. ಹಿಂದೆ ಇದೇ ಕೆಲಸವನ್ನು ಸ್ಟೀವನ್‌ಸನ್ ಪೆಟ್ಟಿಗೆ ಮಾಡುತ್ತಿತ್ತು. ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್‌ನ ತಂದೆ, ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ರೂಪಿಸಿದ ಪೆಟ್ಟಿಗೆಯದು. ಬಿಳಿ ಬಣ್ಣದ್ದೇ ಇಲ್ಲಿ ಮುಖ್ಯ ಪಾತ್ರ. ಬಯಲುಸೀಮೆಯಲ್ಲಿ ಕೆಂಧೂಳು, ಮಲೆನಾಡಿನಲ್ಲಿ ಹಾವಸೆ ಕೂತು ಬಿಳಿ ಹೋದರೆ ಗೂಡೇ ಬಿಸಿಲು ಹೀರಿ ಒಳಗಿನ ಗಾಳಿಯನ್ನು ಕಾಯಿಸುತ್ತದೆ. ಸೋಪಿನ ನೀರು, ಮೆತ್ತನೆಯ ಬ್ರಷ್ಷು, ಅರ್ಧ ಗಂಟೆ ಸಾಕು. ಬಿಸಿಲು ಅಳೆಯುವ ಉಪಕರಣವಿದ್ದರೆ ಅದರ ಗಾಜಿನ ಗುಮ್ಮಟವನ್ನೂ ಒರೆಸಬೇಕು, ಧೂಳು ಕುಳಿತಷ್ಟೂ ಸೂರ್ಯ ಮಂಕಾಗುತ್ತಾನೆ.

ಗೂಡಿನ ಸುತ್ತಲ ನೆಲವೂ ಅಳತೆಯ ಭಾಗವೇ. ಕತ್ತರಿಸಿದ ಗಿಡ್ಡ ಹುಲ್ಲು ಇರಬೇಕೆಂಬುದು ನಿಯಮ. ನಮ್ಮಲ್ಲಿ ಅಭಿವೃದ್ಧಿಯೆಂದರೆ ಇಂಟರ್‌ಲಾಕ್ ಟೈಲ್ಸ್ ಎಂಬ ನಂಬಿಕೆ ಬೇರೂರಿರುವುದರಿಂದ ಕೇಂದ್ರದ ಬೇಲಿಯೊಳಗೂ ಅದನ್ನು ಹಾಸಿಬಿಡುವ ಉತ್ಸಾಹಕ್ಕೆ ಕಡಿವಾಣ ಬೇಕು. ಮಧ್ಯಾಹ್ನ ಕಾದ ಟೈಲ್ಸಿನ ಮೇಲಿನ ಗಾಳಿ ಊರಿನ ಗಾಳಿಯಲ್ಲ. ಹಾಗೆಯೇ ಮರ. ಮರ ಅಥವಾ ಕಟ್ಟಡ ಎಷ್ಟು ಎತ್ತರವಿದೆಯೋ ಮಾಪಕದಿಂದ ಅದರ ಎರಡರಷ್ಟಾದರೂ ದೂರ ಇರಬೇಕು. ಗಾಳಿ ಅಳೆಯುವುದಾದರೆ ಹತ್ತರಷ್ಟು. ಕೇಂದ್ರ ನೆಡುವಾಗ ಎಲ್ಲ ಸರಿಯಾಗಿಯೇ ಇರುತ್ತದೆ. ಪರಿಸರ ದಿನಾಚರಣೆಯಲ್ಲಿ ಬೇಲಿಯ ಪಕ್ಕ ಯಾರೋ ಒಂದು ಅಕೇಶಿಯಾ ಸಸಿ ನೆಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಐದಾರು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಕೊಂಬೆ ಆಲಿಕೆಯ ಮೇಲೆ ಕೊಡೆ ಹಿಡಿದಿರುತ್ತದೆ. ಉಪಕರಣದಲ್ಲಿ ಒಂದೂ ದೋಷವಿಲ್ಲ, ಬ್ಯಾಟರಿಯಿಂದ ಸಿಮ್ಮಿನವರೆಗೆ ಎಲ್ಲವೂ ಸುಸೂತ್ರ, ಆದರೂ ಮಳೆ ವರ್ಷವರ್ಷ ಕಡಿಮೆಯಾಗುತ್ತ ಹೋಗುತ್ತದೆ. ಮುಂದೆ ಯಾರಾದರೂ ಆ ಅಂಕಿಗಳನ್ನು ಗ್ರಾಫಿಗೆ ಹಾಕಿ ಆ ಊರಿನಲ್ಲಿ ಮಳೆ ಇಳಿಮುಖವಾಗಿದೆ ಎಂದು ಪ್ರಬಂಧ ಬರೆದರೂ ಬರೆಯಬಹುದು.

ತೇವಾಂಶದ ಸೆನ್ಸರ್ ಎಲ್ಲಕ್ಕಿಂತ ನಾಜೂಕು. ಗಾಳಿಯ ಪಸೆ ಹೀರಿಕೊಳ್ಳುವ ತೆಳುಪದರವೊಂದು ಅದರೊಳಗಿದೆ. ತಿಂಗಳುಗಟ್ಟಲೆ ಒದ್ದೆ ಗಾಳಿಯಲ್ಲಿ, ಕರಾವಳಿಯಾದರೆ ಉಪ್ಪುಗಾಳಿಯಲ್ಲಿ, ಅದು ಮೆಲ್ಲಗೆ ದಾರಿ ತಪ್ಪುತ್ತದೆ. ಇದನ್ನು ಪರೀಕ್ಷಿಸುವ ಉಪಾಯ ಅಡುಗೆಮನೆಯಲ್ಲೇ ಇದೆ. ಮುಚ್ಚಳ ಬಿಗಿಯಾದ ಭರಣಿಯಲ್ಲಿ ಅಡುಗೆ ಉಪ್ಪನ್ನು ಇನ್ನು ಕರಗದು ಎನ್ನುವಷ್ಟು ಹಾಕಿ ನೀರಿನಲ್ಲಿ ಕಲಸಿಟ್ಟರೆ, ಕೆಲವು ಗಂಟೆಗಳಲ್ಲಿ ಅದರ ಮೇಲಿನ ಗಾಳಿಯ ತೇವಾಂಶ ನೂರಕ್ಕೆ 75ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನಮ್ಮ ಸಾಮಾನ್ಯ ಉಷ್ಣಾಂಶದಲ್ಲಿ ಅದು ಹೆಚ್ಚು ಆಚೀಚೆ ಆಗುವುದಿಲ್ಲ. ನೀರಿಗೆ ತಾಗದಂತೆ ಸೆನ್ಸರನ್ನು ಅಲ್ಲಿ ತೂಗುಬಿಟ್ಟಾಗ ಅದು 75 ಎನ್ನಬೇಕು. 88 ಎಂದರೆ ಬದಲಿಸುವ ಹೊತ್ತು ಬಂತು.

ವಿದ್ಯುತ್ತು, ಪೆಟ್ಟಿಗೆ, ತಂತಿ ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಣಿಕೆಯ ತಂತಿಯೊಂದನ್ನು ಬಿಟ್ಟರೆ, ಅವು ಕೆಟ್ಟಾಗ ಅಂಕಿಗಳೇ ಬರುವುದು ನಿಲ್ಲುತ್ತದೆ, ಆದ್ದರಿಂದ ಯಾರಾದರೂ ಓಡಿಬರುತ್ತಾರೆ. ಸೋಲಾರ್ ಪ್ಯಾನೆಲ್ಲಿನ ಹಿಕ್ಕೆ ಒರೆಸುವುದು, ಮೂರು ನಾಲ್ಕು ವರ್ಷಕ್ಕೆ ಸೋಲುವ ಬ್ಯಾಟರಿಯನ್ನು ಸೋಲುವ ಮುನ್ನವೇ ಬದಲಿಸುವುದು, ಇಲಿ ಕಡಿಯದಂತೆ ತಂತಿಯನ್ನು ಕೊಳವೆಯೊಳಗೆ ಹಾಯಿಸುವುದು, ಪೆಟ್ಟಿಗೆಯೊಳಗಿನ ಪಸೆ ಹೀರುವ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ದರೆ ಬೇರೆ ಹಾಕುವುದು. ಕೇಂದ್ರದ ಗಡಿಯಾರ ಸರಿಯಿದೆಯೇ ಎಂದು ನೋಡಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಗಾಳಿಮಾಪಕದ ವಿಚಾರಕ್ಕೆ ಬಂದರೆ ನನಗೆ ಬಹಳ ಇಷ್ಟವಾದ ಒಂದು ಪ್ರಕರಣವಿದೆ. 1996ರ ಏಪ್ರಿಲ್ 10ರಂದು ಆಸ್ಟ್ರೇಲಿಯಾದ ಪಶ್ಚಿಮ ಕರಾವಳಿಯಾಚೆಯ ಬ್ಯಾರೋ ದ್ವೀಪವನ್ನು ಒಲಿವಿಯಾ ಎಂಬ ಚಂಡಮಾರುತ ಹಾದುಹೋಯಿತು. ಅಲ್ಲಿನ ಸ್ವಯಂಚಾಲಿತ ಕೇಂದ್ರ ಗಂಟೆಗೆ 408 ಕಿಲೋಮೀಟರ್ ವೇಗದ ಗಾಳಿಯ ಹೊಡೆತವನ್ನು ಬರೆದಿಟ್ಟುಕೊಂಡಿತು. ಅಲ್ಲಿಯವರೆಗಿನ ದಾಖಲೆ 1934ರಲ್ಲಿ ಅಮೆರಿಕದ ಮೌಂಟ್ ವಾಷಿಂಗ್ಟನ್ ಶಿಖರದಲ್ಲಿ ಅಳೆದ 372. ಯಾವ ಮನುಷ್ಯನೂ ಕಣ್ಣಾರೆ ಕಂಡು ಬರೆದದ್ದಲ್ಲದ ಈ ಅಂಕಿ ವರ್ಷಗಟ್ಟಲೆ ಅಧಿಕೃತ ದಾಖಲೆಯಾಗದೆ ಉಳಿಯಿತು. ಕೊನೆಗೆ ವಿಶ್ವ ಹವಾಮಾನ ಸಂಸ್ಥೆಯ ಪರಿಣತರು ಕೂತು ಪರಿಶೀಲಿಸಿ 2010ರಲ್ಲಿ ಅದನ್ನು ಜಾಗತಿಕ ದಾಖಲೆಯೆಂದು ಒಪ್ಪಿದರು. ಒಪ್ಪಲು ಇದ್ದ ಕಾರಣಗಳಲ್ಲೊಂದು, ಆ ಗಾಳಿಮಾಪಕವನ್ನು ನಿಯಮಿತವಾಗಿ ತಪಾಸಣೆ ಮಾಡುತ್ತಿದ್ದರು, ಅದು ಸುಸ್ಥಿತಿಯಲ್ಲಿತ್ತು ಎಂಬುದು. ಮುಂಗೇಶ್‌ಪುರದ್ದು ನಂಬಲಾಗದ ಅಂಕಿ, ಬ್ಯಾರೋ ದ್ವೀಪದ್ದೂ ನಂಬಲಾಗದ ಅಂಕಿಯೇ. ಒಂದು ಬಿದ್ದುಹೋಯಿತು, ಇನ್ನೊಂದು ನಿಂತಿತು. ಬೇರಿಂಗಿಗೆ ಯಾವಾಗ ಕೈ ಹಾಕಿದೆವು, ಗಾಳಿಗೆ ತಿರುಗುವ ಬಟ್ಟಲುಗಳು ಯಾವ ಸ್ಥಿತಿಯಲ್ಲಿದ್ದವು ಎಂದು ಬರೆದಿಟ್ಟವರಿಗೆ ಇದರಲ್ಲಿ ಪಾಲಿದೆ.

ಅಂದಹಾಗೆ ನಮ್ಮ ಗಾಳಿಮಾಪಕಗಳಲ್ಲಿ ಸಾಮಾನ್ಯವಾಗಿ ಸೋಲುವುದು ಬೇರಿಂಗೇ. ಅದು ಜಿಡ್ಡುಗಟ್ಟಿದರೆ ಬಿರುಗಾಳಿಗೆ ಬಟ್ಟಲುಗಳು ತಿರುಗುತ್ತವೆ, ಮಂದ ಗಾಳಿಗೆ ಕದಲುವುದಿಲ್ಲ. ಊರಿನಲ್ಲಿ ಗಾಳಿಯೇ ಆಡದ ದಿನಗಳು ಹೆಚ್ಚಾಗುತ್ತವೆ, ಕಾಗದದ ಮೇಲೆ.

ಇಷ್ಟೆಲ್ಲ ಕೇಳಿ, ಯಂತ್ರದ ಸಹವಾಸವೇ ಬೇಡ, ಹಳೆಯ ಕಾಲದಂತೆ ಮನುಷ್ಯರೇ ಅಳೆಯಲಿ ಎನ್ನುವವರಿದ್ದಾರೆ. ಅವರಿಗೆ ಲಿಬಿಯಾದ ಅಲ್ ಅಜೀಜಿಯಾದ ಉದಾಹರಣೆ ಹೇಳಬೇಕು. 1922ರ ಸೆಪ್ಟೆಂಬರ್ 13ರಂದು ಅಲ್ಲಿ 58 ಡಿಗ್ರಿ ಸೆಲ್ಸಿಯಸ್ ಎಂದು ಬರೆದದ್ದು ತೊಂಬತ್ತು ವರ್ಷ ಕಾಲ ಭೂಮಿಯ ಮೇಲಿನ ಅತ್ಯಧಿಕ ಉಷ್ಣಾಂಶವಾಗಿ ಪಾಠಪುಸ್ತಕಗಳಲ್ಲಿ ಮೆರೆಯಿತು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ರದ್ದು ಮಾಡಿತು. ಮೂಲ ರಿಜಿಸ್ಟರ್ ತೆಗೆದು ನೋಡಿದಾಗ ಆ ವಾರ ಕೈಬರಹ ಬದಲಾಗಿತ್ತು, ಅಂಕಿಗಳು ತಪ್ಪು ಕಾಲಂನಲ್ಲಿದ್ದವು. ಹೊಸದಾಗಿ ಬಂದ, ಅನುಭವವಿಲ್ಲದ ಯಾರೋ ಉಷ್ಣಮಾಪಕದ ಕಡ್ಡಿಯ ತಪ್ಪು ತುದಿಯನ್ನು ಓದಿರಬೇಕೆಂಬ ತೀರ್ಮಾನಕ್ಕೆ ಬಂದರು. ಮನುಷ್ಯನೂ ಕೆಡುತ್ತಾನೆ. ಆದರೆ ಆ ರಿಜಿಸ್ಟರ್ ಉಳಿದಿದ್ದರಿಂದ ತೊಂಬತ್ತು ವರ್ಷದ ಮೇಲೂ ತಪ್ಪು ಸಿಕ್ಕಿತು.

ರಿಜಿಸ್ಟರ್ ಎಂದಾಗ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳನ್ನು ನೆನೆಯದಿರಲಾಗದು. ಅಲ್ಲಿ ಮಳೆಯನ್ನು ಇವತ್ತಿಗೂ ಇಂಚು, ಸೆಂಟಿನಲ್ಲೇ ಹೇಳುತ್ತಾರೆ: ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟು ಬಿತ್ತು, ಅದರ ನಂತರದ ಬ್ಯಾಕಿಂಗ್ ಮಳೆ ಅರವತ್ತು ಸೆಂಟು. ಬೆಳಗ್ಗೆ ತೋಟದ ರೈಟರ್ ಹೋಗಿ ಮಾಪಕದ ನೀರನ್ನು ಅಳೆಗ್ಲಾಸಿಗೆ ಸುರಿದು ಪುಸ್ತಕದಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದ ತೋಟಗಳಿವೆ. ಸೆಂಟೆಂದರೆ ಇಂಚಿನ ನೂರನೆಯ ಪಾಲು, 0.254 ಮಿಲಿಮೀಟರ್, ನಮ್ಮ ಹೊಸ ಯಂತ್ರದ ಒಂದು ವಾಲಿಕೆಗೆ ಹತ್ತಿರ ಹತ್ತಿರ. ಪಂಚಾಯಿತಿಯ ಮಾಪಕದ ಅಂಕಿ ಸಂಶಯಕ್ಕೊಳಗಾದಾಗ ಪಕ್ಕದ ತೋಟದ ಇಂಥ ಪುಸ್ತಕಕ್ಕಿಂತ ಒಳ್ಳೆಯ ಹೋಲಿಕೆ ಇನ್ನೊಂದಿಲ್ಲ. ಪ್ರತಿ ಸ್ವಯಂಚಾಲಿತ ಮಾಪಕದ ಬಳಿ, ಬಾಯಿ ನೆಲದಿಂದ 30 ಸೆಂಟಿಮೀಟರ್ ಎತ್ತರಕ್ಕೆ ಬರುವ ಒಂದು ಸಾದಾ ಸೈಮನ್ಸ್ ಮಾಪಕವನ್ನೂ ನೆಟ್ಟು, ಊರಿನವರೇ ಒಬ್ಬರು ದಿನಾ ಎಂಟೂವರೆಗೆ ಓದುವಂತಾದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಅದರಲ್ಲಿ ತಂತಿಯಿಲ್ಲ, ಬ್ಯಾಟರಿಯಿಲ್ಲ, ವಾಲುವ ಭಾಗವಿಲ್ಲ.

ಕಂಬ ನೆಡುವುದಕ್ಕೆ ದುಡ್ಡು ಸಿಗುತ್ತದೆ, ಉದ್ಘಾಟನೆಗೂ ಸಿಗುತ್ತದೆ. ಬ್ರಷ್ಷು ಹಿಡಿದು ಹೋಗುವವರ ಬಸ್ ಚಾರ್ಜಿಗೆ ಸಿಗುವುದು ಕಷ್ಟ. ಆರು ಸಾವಿರ ಆಲಿಕೆಗಳನ್ನು ಮೃಗಶಿರಾ ಮಳೆಗೆ ಮುನ್ನ ಒಮ್ಮೆ, ನಡು ಮಳೆಗಾಲದಲ್ಲಿ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ತೆರೆದು ನೋಡುವುದನ್ನು ಬೆಂಗಳೂರಿನಿಂದ ಮಾಡಿಸಲಾಗದು. ತೊಳೆಯುವುದು, ಹುಲ್ಲು ಸವರುವುದು, ರಸಮಟ್ಟ ಇಡುವುದು ಇವನ್ನು ಪಂಚಾಯಿತಿಯ ನೀರುಗಂಟಿಗೆ ಕಲಿಸಿ, ಅದಕ್ಕೆ ಬೇರೆ ಸಂಬಳ ಕೊಡಬಹುದು. ಸೆನ್ಸರ್ ಬದಲಿಸುವುದು, ತಿರುಪು ಹೊಂದಿಸುವುದು ತಂತ್ರಜ್ಞರಿಗೇ ಇರಲಿ. ನಿರ್ವಹಣೆಯ ಗುತ್ತಿಗೆ ಕೊಟ್ಟವರು ಎಷ್ಟು ಪಾಲು ಅಂಕಿಗಳು ಬಂದು ತಲುಪಿದವು ಎಂಬುದನ್ನಷ್ಟೇ ನೋಡಿ ಬಿಲ್ ಪಾಸು ಮಾಡಿದರೆ, ಇಡೀ ಮಳೆಗಾಲ ಸೊನ್ನೆ ಕಳಿಸಿದ ಮಾಪಕಕ್ಕೆ ನೂರಕ್ಕೆ ನೂರು ಅಂಕ ಬರುತ್ತದೆ.

ಕೆಲಸದ ಕ್ರಮದಲ್ಲೊಂದು ಸಣ್ಣ ಬದಲಾವಣೆಯನ್ನು ಮಾತ್ರ ಖಂಡಿತ ಕಡ್ಡಾಯ ಮಾಡಬೇಕು. ಮುಚ್ಚಳ ತೆರೆದೊಡನೆ ತೊಳೆಯಲು ತೊಡಗುವುದು ಎಲ್ಲರ ಅಭ್ಯಾಸ. ಹಾಗಲ್ಲ, ಇದ್ದ ಸ್ಥಿತಿಯಲ್ಲೇ ಮೊದಲು 314 ಮಿಲಿಲೀಟರ್ ನೀರು ಹನಿಸಿ, ಎಷ್ಟು ಸಲ ವಾಲಿತೆಂದು ಬರೆದು, ಒಳಗಿನ ಕಸದ ಫೋಟೊ ತೆಗೆದು, ಆಮೇಲೆ ತೊಳೆದು, ಮತ್ತೊಮ್ಮೆ ಹನಿಸಿ ಬರೆಯಬೇಕು. ಎರಡನೆಯ ಅಂಕಿ ಐವತ್ತಿದ್ದರೆ ಇನ್ನು ಮುಂದಿನ ಮಳೆಗೆ ಭರವಸೆ. ಮೊದಲನೆಯ ಅಂಕಿ ಹದಿನೆಂಟೇ ಇದ್ದರೆ, ಕಳೆದ ಬಾರಿ ಸರಿಯಿದ್ದ ದಿನದಿಂದ ಇಂದಿನವರೆಗಿನ ಎಲ್ಲ ಲೆಕ್ಕವನ್ನೂ ಅನುಮಾನದಿಂದ ನೋಡಲು ಅದೇ ಆಧಾರ. ತೊಳೆದುಬಿಟ್ಟ ಮೇಲೆ ಆ ಆಧಾರ ಚರಂಡಿ ಸೇರುತ್ತದೆ. ಎರಡೂ ಅಂಕಿಗಳಿರುವ ಆ ಹಾಳೆಯ ಒಂದು ಪ್ರತಿ ಪಂಚಾಯಿತಿಯ ಸೂಚನಾ ಫಲಕದ ಮೇಲೆ ಬೀಳಲಿ. ವಿಮೆಯ ಹಣ ಬಾರದ ವರ್ಷ ಬೆಳೆಗಾರರು ಮೊದಲು ಕೇಳಬೇಕಾದದ್ದು ಅದನ್ನೇ.